ಬೀಗ ನನ್ನದು, ಫೋನು ಮನೆಯವರದು

ನಮ್ಮ ಮನೆಯಲ್ಲಿ ಐದು ಜನ, ಎರಡು ಫೋನು. ಒಂದು ಅಬ್ಬಾ ಅವರದು. ಬೆಳಿಗ್ಗೆ ಒಂಬತ್ತೂವರೆಗೆ ಅವರ ಜೊತೆ ಹಾಸಿಗೆ ಅಂಗಡಿಗೆ ಹೋದರೆ ಅದು ಮನೆಗೆ ಬರುವುದು ರಾತ್ರಿಯೇ. ಇನ್ನೊಂದು ಹೆಸರಿಗೆ ಅಮ್ಮಿಯದು. ಅದರಲ್ಲಿ ದಾದಿ ಬಯಾನ್ ಕೇಳುತ್ತಾರೆ, ಒಂಬತ್ತನೇ ತರಗತಿಯ ತಮ್ಮ ಆಟ ಆಡುತ್ತಾನೆ, ಅಮ್ಮಿ ತವರಿನವರ ಜೊತೆ ಮಾತಾಡುತ್ತಾರೆ. ಮಿಕ್ಕ ಹೊತ್ತಿನಲ್ಲಿ ನಾನು ಅಕೌಂಟೆನ್ಸಿ ವಿಡಿಯೊ ನೋಡುತ್ತೇನೆ. ಆ ಫೋನಿನ ಪ್ಯಾಟರ್ನ್ ಲಾಕ್ ಇಂಗ್ಲಿಷಿನ ಎಲ್ ಅಕ್ಷರ. ನಮ್ಮ ಓಣಿಯ ಚಿಕ್ಕ ಮಕ್ಕಳಿಗೂ ಅದು ಗೊತ್ತು.

ಎರಡು ತಿಂಗಳ ಹಿಂದೆ ನಾನು ಒಂದು ಪಾಸ್‌ವರ್ಡ್ ಮ್ಯಾನೇಜರ್ ಆರಿಸಿಕೊಳ್ಳಲು ಕೂತೆ. ಓದಿದ ಲೇಖನಗಳಲ್ಲೆಲ್ಲ ಯಾವುದು ಅಗ್ಗ, ಯಾವುದು ಚಂದ, ಯಾವುದರಲ್ಲಿ ಎಷ್ಟು ಸೌಲಭ್ಯ ಎಂದಿತ್ತು. ಒಬ್ಬ ಮನುಷ್ಯನಿಗೆ ಒಂದು ಫೋನು ಇದ್ದೇ ಇರುತ್ತದೆ ಎಂದುಕೊಂಡೇ ಅವನ್ನೆಲ್ಲ ಬರೆದಿದ್ದರು. ನಮ್ಮ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಸ್ವಂತ ಫೋನಿದೆ, ನೀವೇ ಹೇಳಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಮನೆಗಳಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಆರಿಸುವಾಗ ಮೊದಲು ನೋಡಬೇಕಾದ್ದು ಬೆಲೆಯೂ ಅಲ್ಲ, ಹೆಸರೂ ಅಲ್ಲ. ಫೋನಿನ ಬೀಗ ಬೇರೆ, ಅದರ ಬೀಗ ಬೇರೆ ಇದೆಯೋ ಇಲ್ಲವೋ ಎಂಬುದನ್ನು.

ಇದರ ಅಗತ್ಯ ನನಗೆ ಯಾಕೆ ಬಿತ್ತು ಎಂಬುದಕ್ಕೆ ಎರಡು ಕಥೆಗಳಿವೆ.

ಮೊದಲನೆಯದು ನಿಮಗೂ ಗೊತ್ತಿರುವ ಕಥೆ. ಪ್ರಥಮ ಪಿಯುಸಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬಸ್ ನಿಲ್ದಾಣದ ಹತ್ತಿರದ ಒಂದು ಸೈಬರ್ ಸೆಂಟರ್‌ಗೆ ಹೋಗಿದ್ದೆ. ಅಲ್ಲಿದ್ದ ಅಣ್ಣ ಪಟಪಟನೆ ಟೈಪ್ ಮಾಡಿ, ಪಾಸ್‌ವರ್ಡನ್ನೂ ತಾನೇ ಹಾಕಿ, ಪ್ರಿಂಟ್ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟ. ನನ್ನ ಹೆಸರು, ಆಮೇಲೆ ಅಟ್ ಗುರುತು, ಆಮೇಲೆ ಒಂದು ಎರಡು ಮೂರು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವಳಿಗೂ ಹೀಗೇ, ಅವಳ ಹೆಸರು, ಒಂದು ಎರಡು ಮೂರು. ಈ ವರ್ಷ ಮತ್ತೆ ಅರ್ಜಿ ಹಾಕುವಾಗ ಆ ಪ್ರಿಂಟ್ ಸಿಗಲಿಲ್ಲ. ಅವನು ನನ್ನ ಹೆಸರನ್ನು ಯಾವ ಸ್ಪೆಲಿಂಗ್‌ನಲ್ಲಿ ಹಾಕಿದ್ದನೋ ನೆನಪಾಗಲಿಲ್ಲ. ‘ಪಾಸ್‌ವರ್ಡ್ ಮರೆತಿರಾ’ ಒತ್ತಿದರೆ ಓಟಿಪಿ ಹೋಗುವುದು ಅಬ್ಬಾ ಅವರ ಹಳೆಯ ನಂಬರಿಗೆ. ರೀಚಾರ್ಜ್ ಮಾಡದೆ ಆ ಸಿಮ್ ಬಂದ್ ಆಗಿತ್ತು. ಕರೆ ಮಾಡಿದರೆ ಯಾರೋ ಹೆಂಗಸು ಎತ್ತಿ, ರಾಂಗ್ ನಂಬರ್ ಎಂದರು. ಪಾಪ, ನನ್ನ ಓಟಿಪಿಗಳೆಲ್ಲ ಅವರಿಗೆ ಹೋಗಿರಬೇಕು. ಕೊನೆಗೆ ನಮ್ಮ ಕಾಲೇಜಿನ ಆಫೀಸಿನವರೇ ನಂಬರ್ ಬದಲಾಯಿಸುವ ದಾರಿ ತೋರಿಸಿದರು. ಕೊನೆಯ ದಿನಕ್ಕೆ ಮೂರು ದಿನ ಇತ್ತು.

ಎರಡನೆಯದು ನನ್ನ ಇಮೇಲ್ ಕಥೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಇಮೇಲ್ ಬೇಕು ಎಂದಾಗ ನಾನಿನ್ನೂ ಚಿಕ್ಕವಳು. ದೊಡ್ಡಪ್ಪನ ಮಗ, ನಾವು ಭಾಯಿಜಾನ್ ಎನ್ನುತ್ತೇವೆ, ಅವರ ಫೋನಿನಲ್ಲೇ ಅಕೌಂಟ್ ತೆರೆದುಕೊಟ್ಟರು. ಚಿಕ್ಕ ಮಕ್ಕಳಿಗೆ ಅಕೌಂಟ್ ಕೊಡುವುದಿಲ್ಲ ಎಂದು ಹುಟ್ಟಿದ ವರ್ಷವನ್ನು ಅವರಿಗೆ ತೋಚಿದಂತೆ ಹಾಕಿದರು. ಆ ಅಕೌಂಟಿನ ಪ್ರಕಾರ ನನಗೀಗ ಮೂವತ್ತು ದಾಟಿದೆ. ಪಾಸ್‌ವರ್ಡ್ ಅವರದೇ, ರಿಕವರಿ ನಂಬರ್ ಅವರದೇ. ಐದು ವರ್ಷ ಹಾಗೇ ನಡೆಯಿತು. ಅವರು ಒಳ್ಳೆಯವರು, ನನ್ನ ಮೇಲ್ ತೆಗೆದು ಓದುವವರಲ್ಲ. ಆದರೆ ನನಗೆ ಬಂದ ಮೇಲ್ ಅವರ ಫೋನಿನಲ್ಲೂ ಟಿಣ್ ಎನ್ನುತ್ತಿತ್ತು.

ಕಳೆದ ಜೂನ್‌ನಲ್ಲಿ ನಾನು ಸಿಎ ಫೌಂಡೇಶನ್‌ಗೆ ಹೆಸರು ನೋಂದಾಯಿಸಲು ಹೊರಟೆ. ನಮ್ಮ ಕಾಮರ್ಸ್ ವಿದ್ಯಾರ್ಥಿಗಳಿಗೆ ಗೊತ್ತಿದೆ, ಹತ್ತನೇ ತರಗತಿ ಮುಗಿಸಿದವರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಪಿಯುಸಿ ಮುಗಿದ ಮೇಲೆ. ಅಬ್ಬಾಗೆ ನಾನು ಪಕ್ಕದ ರಸ್ತೆಯ ಕಾಲೇಜಿನಲ್ಲಿ ಬಿ.ಕಾಂ. ಮಾಡಲಿ ಎಂಬ ಆಸೆ. ಅವರ ಬಳಿ ಹೇಗೆ ಮಾತು ತೆಗೆಯಬೇಕು, ಯಾವ ದಿನ, ಊಟಕ್ಕೆ ಮೊದಲೋ ಆಮೇಲೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಪೋರ್ಟಲಿನಲ್ಲಿ ಅಕೌಂಟ್ ತೆರೆದ ಬಗ್ಗೆ ಮೇಲ್ ಬಂತು, ಭಾಯಿಜಾನ್ ಫೋನಿನಲ್ಲಿ ಟಿಣ್ ಎಂದಿತು, ಅವರು ಸಂತೋಷದಿಂದಲೇ ಅಂಗಡಿಗೆ ಹೋಗಿ ಅಬ್ಬಾಗೆ ಮುಬಾರಕ್ ಹೇಳಿಬಿಟ್ಟರು.

ಅಬ್ಬಾ ಬೈಯಲಿಲ್ಲ. ಎರಡು ದಿನ ಮಾತಾಡಲೂ ಇಲ್ಲ. ಮೂರನೆಯ ದಿನ ರಾತ್ರಿ, ಹತ್ತಿ ಧೂಳಿನ ಅಂಗಿ ಬದಲಿಸುತ್ತಾ, “ತೇರೇ ಮೂ ಸೇ ಸುನ್ನಾ ಥಾ” ಎಂದರು. ನಿನ್ನ ಬಾಯಿಂದ ಕೇಳಬೇಕಿತ್ತು ಎಂದು. ನಾನು ಸಿಎ ಓದುವುದು ಅವರಿಗೆ ನೋವಾಗಿರಲಿಲ್ಲ. ಆ ಸುದ್ದಿ ಗಿರಾಕಿಗಳ ಎದುರು, ಬೇರೆಯವರ ಬಾಯಿಂದ ಬಂದದ್ದು ನೋವಾಗಿತ್ತು.

ಅವತ್ತೇ ನಾನು ನಿರ್ಧಾರ ಮಾಡಿದ್ದು, ನನ್ನ ಅಕೌಂಟುಗಳ ಬೀಗ ನನ್ನ ಕೈಯಲ್ಲಿರಬೇಕು ಎಂದು.

ಅಮ್ಮಿಯ ಡೈರಿಯ ಬಗ್ಗೆ ಹೇಳದೆ ಮುಂದೆ ಹೋಗುವುದು ಅನ್ಯಾಯ. ಯಾವುದೋ ಚಿನ್ನದಂಗಡಿಯವರು ಕೊಟ್ಟ ಹಳೆಯ ಡೈರಿ. ಗ್ಯಾಸ್ ನಂಬರ್, ಕರೆಂಟ್ ಬಿಲ್ಲಿನ ನಂಬರ್, ಎಲ್ಲರ ಪಾಸ್‌ವರ್ಡ್ ಅದರಲ್ಲೇ ಇರುವುದು, ಉರ್ದುವಿನಲ್ಲಿ. ಡೈರಿಯಲ್ಲಿ ಬರೆದಿಡುವವರನ್ನು ಕಂಡರೆ ಕಂಪ್ಯೂಟರ್ ಬಲ್ಲವರು ನಗುತ್ತಾರೆ. ನಾನು ನಗುವುದಿಲ್ಲ. ಬೇರೆ ದೇಶದಲ್ಲಿ ಕೂತ ಕಳ್ಳ ನಮ್ಮ ಅಡುಗೆಮನೆಯ ಕಪಾಟಿನೊಳಗೆ ಕೈ ಹಾಕಲಾರ. ಆದರೆ ಉರ್ದುವಿನಲ್ಲಿ ಬರೆದರೆ ಒಂದು ತೊಂದರೆ. ಉರ್ದು ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರ, ಸ್ಮಾಲ್ ಅಕ್ಷರ ಎಂಬುದೇ ಇಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೂ ಇಲ್ಲ, ಓದುವವರು ಊಹಿಸಿಕೊಳ್ಳಬೇಕು. ಅಮ್ಮಿ ಫೋನಿನಲ್ಲಿ ಕೇಳಿಸಿಕೊಂಡು ಬರೆದ ಪಾಸ್‌ವರ್ಡನ್ನು ನಾನು ಇಂಗ್ಲಿಷಿಗೆ ತಿರುಗಿಸುವಾಗ ‘ಐ’ ಹಾಕಲೋ ‘ಇ’ ಹಾಕಲೋ, ಮೊದಲಕ್ಷರ ದೊಡ್ಡದೋ ಚಿಕ್ಕದೋ ಎಂದು ಐದು ಸಲ ತಪ್ಪು ಮಾಡಿ ಅಕೌಂಟೇ ಲಾಕ್ ಆದದ್ದಿದೆ.

ಡೈರಿಯ ದೊಡ್ಡ ತೊಂದರೆ ಮಾತ್ರ ಇದಲ್ಲ. ಡೈರಿ ಇಟ್ಟವರು ಚಿಕ್ಕ ಪಾಸ್‌ವರ್ಡ್ ಇಡುತ್ತಾರೆ, ಮತ್ತು ಒಂದನ್ನೇ ಎಲ್ಲ ಕಡೆ ಇಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಎಂಬುವರು 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣವಿದೆ. ನಮ್ಮ ಇಮೇಲ್ ವಿಳಾಸ ಹಾಕಿದರೆ ಯಾವ ಯಾವ ಸೋರಿಕೆಯಲ್ಲಿ ಅದು ಹೊರಗೆ ಬಿದ್ದಿದೆ ಎಂದು ಹೇಳುತ್ತದೆ. ನನ್ನದು ಒಂದು ಕಡೆ ಸಿಕ್ಕಿತು. ನಾನು ಹೆಸರೇ ಕೇಳಿರದ ಒಂದು ಗೇಮಿನ ತಾಣ. ತಮ್ಮ ನನ್ನ ಮೇಲ್ ಕೊಟ್ಟು, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಆ ಒಂದೇ ಪಾಸ್‌ವರ್ಡ್ ಕೊಟ್ಟು, ಅದರಲ್ಲಿ ಸೇರಿಕೊಂಡಿದ್ದ. ಕಳ್ಳರು ಇಂಥ ಪಟ್ಟಿ ಸಿಕ್ಕಿದ ಕೂಡಲೇ ಮಾಡುವ ಕೆಲಸವೇ ಇದು, ಅದೇ ಮೇಲ್ ಅದೇ ಪಾಸ್‌ವರ್ಡನ್ನು ಬೇರೆ ನೂರು ಕಡೆ ಹಾಕಿ ನೋಡುವುದು. ಗೇಮಿಗೆ ಹಾಕಿದ ಬೀಗದ ಕೀಲಿ ಸ್ಕಾಲರ್‌ಶಿಪ್‌ಗೂ ಆಗುತ್ತದೆ ಎಂದರೆ, ತಪ್ಪು ಕಳ್ಳನದು ಅರ್ಧ, ನಮ್ಮದು ಅರ್ಧ.

ಪಾಸ್‌ವರ್ಡ್ ಮ್ಯಾನೇಜರ್ ಎಂದರೆ ಏನು ಎಂದು ದಾದಿಗೆ ತಿಳಿಸಿ ಹೇಳಲು ಹೋಗಿ ನನಗೇ ಸರಿಯಾಗಿ ಅರ್ಥವಾಯಿತು. ದಾದಿಯ ಹತ್ತಿರ ಒಂದು ದೊಡ್ಡ ಸಂದೂಕು ಇದೆ. ಹಿಂದೆ ಓಣಿಯವರು ಊರು ಬಿಟ್ಟು ಹೋಗುವಾಗ ತಮ್ಮ ತಗಡಿನ ಡಬ್ಬಿಗಳಿಗೆ ಬೀಗ ಹಾಕಿ ದಾದಿಯ ಸಂದೂಕಿನಲ್ಲಿ ಅಮಾನತ್ ಇಟ್ಟು ಹೋಗುತ್ತಿದ್ದರಂತೆ. ಕೀಲಿ ಅವರ ಹತ್ತಿರವೇ. ಒಳಗೆ ಏನಿದೆ ಎಂದು ದಾದಿಗೆ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇರಲಿಲ್ಲ. ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್ ಹೀಗೇ. ನಮ್ಮ ಪಾಸ್‌ವರ್ಡ್‌ಗಳ ಡಬ್ಬಿಗೆ ನಮ್ಮ ಫೋನಿನಲ್ಲೇ ಬೀಗ ಬಿದ್ದು, ಬೀಗ ಹಾಕಿದ ಡಬ್ಬಿ ಮಾತ್ರ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಕೀಲಿ ಎಂದರೆ ಮಾಸ್ಟರ್ ಪಾಸ್‌ವರ್ಡ್. ಅದೊಂದನ್ನು ನಾವು ನೆನಪಿಡಬೇಕು. ಮಿಕ್ಕ ಎಲ್ಲವನ್ನೂ, ಪ್ರತಿ ತಾಣಕ್ಕೂ ಬೇರೆ ಬೇರೆಯಾಗಿ, ಉದ್ದುದ್ದವಾಗಿ ಅದೇ ಹುಟ್ಟಿಸಿ ಇಟ್ಟುಕೊಳ್ಳುತ್ತದೆ.

ದಾದಿ ಕೇಳಿದ ಪ್ರಶ್ನೆ, “ಸಂದೂಕೇ ಕಳುವಾದರೆ?”

ಹಾಗೆ ಆಗಿದೆ. ಲಾಸ್ಟ್‌ಪಾಸ್ ಎಂಬ ದೊಡ್ಡ ಹೆಸರಿನ ಮ್ಯಾನೇಜರ್‌ಗೆ 2022ರ ಆಗಸ್ಟ್‌ನಲ್ಲಿ ಕಳ್ಳರು ನುಗ್ಗಿದರು. ಆಮೇಲೆ ಆ ಕಂಪನಿಯ ಒಬ್ಬ ಎಂಜಿನಿಯರ್ ಮನೆಯ ಕಂಪ್ಯೂಟರಿಗೇ ಕನ್ನ ಹಾಕಿ, ಅಲ್ಲಿಂದ ಕೀಲಿ ಸಂಪಾದಿಸಿ, ಗ್ರಾಹಕರ ಡಬ್ಬಿಗಳ ಪ್ರತಿಗಳನ್ನೇ ಹೊತ್ತೊಯ್ದರು. ಡಿಸೆಂಬರ್‌ನಲ್ಲಿ ಕಂಪನಿ ಇದನ್ನು ಒಪ್ಪಿಕೊಂಡಿತು. ಡಬ್ಬಿಯೊಳಗಿನ ಪಾಸ್‌ವರ್ಡ್‌ಗಳಿಗೆ ಬೀಗ ಇತ್ತು, ಆದರೆ ಯಾರು ಯಾವ ಯಾವ ತಾಣಕ್ಕೆ ಹೋಗುತ್ತಾರೆ ಎಂಬ ವಿಳಾಸಗಳಿಗೆ ಬೀಗ ಇರಲಿಲ್ಲ. ಮಾಸ್ಟರ್ ಪಾಸ್‌ವರ್ಡ್ ಗಟ್ಟಿ ಇಟ್ಟವರ ಡಬ್ಬಿ ಕಳ್ಳನ ಕೈಯಲ್ಲೂ ಗಟ್ಟಿಯೇ. ಹೆಸರು, ಒಂದು ಎರಡು ಮೂರು ಎಂದು ಇಟ್ಟವರದು ಹಾಗಲ್ಲ. ಆದ್ದರಿಂದ ದಾದಿಗೆ ನಾನು ಹೇಳಿದ ಉತ್ತರ, ಸಂದೂಕು ಕಳುವಾಗಬಹುದು ಎಂದುಕೊಂಡೇ ಡಬ್ಬಿಯ ಬೀಗ ಆರಿಸಬೇಕು.

ಈಗ ಆಯ್ಕೆಗೆ ಬರುತ್ತೇನೆ. ನಿಮಗೆ ಸ್ವಂತ ಆಂಡ್ರಾಯ್ಡ್ ಫೋನಿದ್ದು, ಅದರ ಲಾಕ್ ನಿಮಗೊಬ್ಬರಿಗೇ ಗೊತ್ತಿದ್ದರೆ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಫೋನಿನಲ್ಲಿ ಮೊದಲೇ ಇರುವ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಸಾಕು. ದುಡ್ಡಿಲ್ಲ, ಹೊಸದಾಗಿ ಕಲಿಯುವುದೂ ಇಲ್ಲ. ಐಫೋನ್ ಇರುವ ಭಾಗ್ಯವಂತರಿಗೆ 2024ರಿಂದ ಆ್ಯಪಲ್‌ನವರದೇ ‘ಪಾಸ್‌ವರ್ಡ್ಸ್’ ಎಂಬ ಆ್ಯಪ್ ಇದೆ, ಅವರೂ ಅದರಲ್ಲೇ ಇರಲಿ. ಇವು ಕೆಟ್ಟವು ಎಂದು ಹೇಳುವ ಪಂಡಿತರು ಪಾಸ್‌ವರ್ಡ್ ಮ್ಯಾನೇಜರೇ ಇಲ್ಲದವರ ಪಾಡನ್ನು ನೋಡಿಲ್ಲ.

ನನಗೆ ಅದು ಒಗ್ಗಲಿಲ್ಲ. ಕಾರಣ ಮೊದಲೇ ಹೇಳಿದ ಎಲ್ ಅಕ್ಷರ. ಗೂಗಲ್‌ನದನ್ನು ತೆರೆದು ನೋಡಲು ಕೇಳುವುದು ಫೋನಿನ ಲಾಕನ್ನೇ. ಫೋನು ತೆರೆಯಬಲ್ಲ ತಮ್ಮ ಅದನ್ನೂ ತೆರೆಯಬಲ್ಲ.

ಆಮೇಲೆ ನೋಡಿದ್ದು ಕೀಪಾಸ್. ಇದು 2003ರಿಂದ ಇರುವ ಹಳೆಯ, ಉಚಿತ ಸಾಫ್ಟ್‌ವೇರ್. ಫೋನಿನಲ್ಲಿ ಕೀಪಾಸ್‌ಡಿಎಕ್ಸ್ ಎಂಬ ಆ್ಯಪ್‌ನಿಂದ ಅದರ ಡಬ್ಬಿ ತೆರೆಯಬಹುದು. ಇದರಲ್ಲಿ ಕಂಪನಿಯ ಸಂದೂಕೇ ಇಲ್ಲ, ಡಬ್ಬಿ ಒಂದು ಫೈಲ್ ಆಗಿ ನಮ್ಮ ಫೋನಿನಲ್ಲೇ ಇರುತ್ತದೆ. ನನಗೆ ಇದು ಬಹಳ ಹಿಡಿಸಿತು. ಹದಿನೈದು ದಿನ ಬಳಸಿದೆ. ಹದಿನಾರನೆಯ ದಿನ ತಮ್ಮ ಗೇಮಿಗೆ ಜಾಗ ಸಾಲದೆ, ಹೆಸರು ಅರ್ಥವಾಗದ ಫೈಲುಗಳನ್ನೆಲ್ಲ ಡಿಲೀಟ್ ಮಾಡಿದ. ಅದರಲ್ಲಿ ನನ್ನ ಡಬ್ಬಿಯೂ ಹೋಯಿತು. ತಪ್ಪು ಕೀಪಾಸ್‌ನದಲ್ಲ. ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ ಎಂದು ಅದನ್ನು ಬಲ್ಲವರೆಲ್ಲ ಹೇಳುತ್ತಾರೆ, ನಾನು ಇಟ್ಟಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇರುವವರು, ಪೆನ್‌ಡ್ರೈವ್‌ಗೆ ಪ್ರತಿ ತೆಗೆದಿಡುವ ಶಿಸ್ತು ಇರುವವರು ಇದನ್ನು ಧೈರ್ಯವಾಗಿ ಆರಿಸಬಹುದು. ಬ್ಯಾಲೆನ್ಸ್ ಶೀಟನ್ನೇ ಕೊನೆಯ ಗಳಿಗೆಗೆ ತಾಳೆ ಮಾಡುವ ನನ್ನಂಥವರಿಗೆ ಆ ಶಿಸ್ತು ಇಲ್ಲ.

ಚೆನ್ನೈನ ಜೋಹೊ ಕಂಪನಿಯ ವಾಲ್ಟ್ ನೋಡಿದೆ. ನಮ್ಮ ದೇಶದ್ದು, ಒಬ್ಬರ ಬಳಕೆಗೆ ಉಚಿತ. ಆದರೆ ಆಫೀಸಿನವರಿಗಾಗಿ ಮಾಡಿದಂತಿದೆ ಅನಿಸಿತು. ಒನ್‌ಪಾಸ್‌ವರ್ಡ್ ಬಗ್ಗೆ ಎಲ್ಲರೂ ಹೊಗಳಿ ಬರೆಯುತ್ತಾರೆ, ಅದರಲ್ಲಿ ಉಚಿತ ಎಂಬುದೇ ಇಲ್ಲ. ಪ್ರತಿ ವರ್ಷ ಚಂದಾ ಕಟ್ಟಿ ಎಂದು ಅಬ್ಬಾಗೆ ಹೇಳುವ ಧೈರ್ಯ ನನಗಿಲ್ಲ.

ಕೊನೆಗೆ ನಿಂತದ್ದು ಬಿಟ್‌ವಾರ್ಡನ್‌ನಲ್ಲಿ. ಉಚಿತದಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಎಷ್ಟು ಸಾಧನಗಳಲ್ಲಿ ಬೇಕಾದರೂ ತೆರೆಯಬಹುದು. ಇದು ಸಣ್ಣ ಮಾತಲ್ಲ. ಲಾಸ್ಟ್‌ಪಾಸ್ 2021ರ ಮಾರ್ಚ್‌ನಲ್ಲಿ, ಉಚಿತವಾಗಿ ಬಳಸುವವರು ಫೋನನ್ನೋ ಕಂಪ್ಯೂಟರನ್ನೋ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದು ಹೇಳಿಬಿಟ್ಟಿತ್ತು. ಇವತ್ತಿನ ಉಚಿತ ನಾಳೆಯೂ ಉಚಿತ ಎಂದು ನಂಬುವುದು ಕಾಮರ್ಸ್ ಓದುವವರಿಗೆ ಶೋಭೆಯಲ್ಲ. ಅದಕ್ಕೇ ನಾನು ಸೇರುವ ಬಾಗಿಲಿಗಿಂತ ಮೊದಲು ಹೊರಗೆ ಹೋಗುವ ಬಾಗಿಲನ್ನು ನೋಡಿದೆ. ಎಲ್ಲ ಪಾಸ್‌ವರ್ಡ್‌ಗಳನ್ನು ಒಂದು ಫೈಲ್ ಆಗಿ ಹೊರಗೆ ತೆಗೆದುಕೊಂಡು ಬೇರೆ ಮ್ಯಾನೇಜರ್‌ಗೆ ಹೋಗಲು ಇದರಲ್ಲಿ ಅವಕಾಶವಿದೆ. (ಹಾಗೆ ತೆಗೆದ ಫೈಲಿಗೆ ಬೀಗ ಹಾಕದಿದ್ದರೆ ಯಾರು ಬೇಕಾದರೂ ಓದಬಹುದು, ಕೆಲಸ ಮುಗಿದ ಕೂಡಲೇ ಅಳಿಸಿ.) ಇದರ ಒಳಗಿನ ಪ್ರೋಗ್ರಾಂ ಬರಹವನ್ನೂ ಯಾರು ಬೇಕಾದರೂ ನೋಡುವಂತೆ ಬಿಚ್ಚಿ ಇಟ್ಟಿದ್ದಾರೆ. ನನಗೆ ಅದನ್ನು ಓದಲು ಬರುವುದಿಲ್ಲ. ಲೆಕ್ಕದ ಪುಸ್ತಕ ಮುಚ್ಚಿಡುವ ವ್ಯಾಪಾರಿಗಿಂತ ಬಿಚ್ಚಿಡುವ ವ್ಯಾಪಾರಿಯ ಮೇಲೆ ನಂಬಿಕೆ ಹೆಚ್ಚು, ಅಷ್ಟೇ.

ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಅದರದೇ ಬೀಗ. ಆ್ಯಪ್‌ನಿಂದ ಹೊರಗೆ ಬಂದ ಕೂಡಲೇ ಮುಚ್ಚಿಕೊಳ್ಳುವಂತೆ ಇಟ್ಟಿದ್ದೇನೆ. ಎಲ್ ಅಕ್ಷರ ಅಲ್ಲಿ ನಡೆಯುವುದಿಲ್ಲ. ಬೆರಳಚ್ಚಿನಿಂದ ತೆರೆಯುವುದನ್ನೂ ಇಟ್ಟುಕೊಂಡಿಲ್ಲ, ಆ ಫೋನಿನಲ್ಲಿ ಮನೆಯವರೆಲ್ಲರ ಬೆರಳೂ ಇದೆ.

ಇನ್ನೊಂದು ಉಪಯೋಗ ನಾನು ಎಣಿಸಿರಲಿಲ್ಲ. ವಾಟ್ಸ್ಆ್ಯಪ್ ಗ್ರೂಪಿಗೆ ‘ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್’ ಎಂಬ ಲಿಂಕ್ ಬಂದಿತ್ತು, ನೋಡಲು ಥೇಟ್ ಸರ್ಕಾರದ ಪುಟದ ಹಾಗೆ. ನಾನು ತೆರೆದೆ. ಮ್ಯಾನೇಜರ್ ಪಾಸ್‌ವರ್ಡ್ ತುಂಬಲು ಬರಲೇ ಇಲ್ಲ. ಅದು ನೋಡುವುದು ಪುಟದ ಅಂದವನ್ನಲ್ಲ, ವಿಳಾಸವನ್ನು. ವಿಳಾಸ ಬೇರೆಯಾದ್ದರಿಂದ ಸುಮ್ಮನಿತ್ತು. ನಾನಾದರೆ ಡೈರಿ ನೋಡಿಕೊಂಡು ಟೈಪ್ ಮಾಡಿಯೇ ಬಿಡುತ್ತಿದ್ದೆ.

ಮಾಸ್ಟರ್ ಪಾಸ್‌ವರ್ಡ್ ಹೇಗಿರಬೇಕು ಎಂಬ ಬಗ್ಗೆ ನಮಗೆಲ್ಲ ತಪ್ಪು ಪಾಠವಾಗಿದೆ. ಒಂದು ಕ್ಯಾಪಿಟಲ್, ಒಂದು ಅಂಕಿ, ಒಂದು ಚಿಹ್ನೆ, ಆಗಾಗ ಬದಲಾಯಿಸಿ ಎಂಬ ನಿಯಮವನ್ನು 2003ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದಕ್ಕಾಗಿ ಬರೆದವರು ಬಿಲ್ ಬರ್. 2017ರಲ್ಲಿ ಅದೇ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟಿತು, ಬರ್ ಕೂಡ ತಾವು ಬರೆದದ್ದರ ಬಗ್ಗೆ ವಿಷಾದ ಹೇಳಿಕೊಂಡರು. ಜನ ಆ ನಿಯಮ ಪಾಲಿಸುವ ರೀತಿ ಎಲ್ಲ ಕಡೆ ಒಂದೇ, ಹೆಸರಿನ ಮೊದಲಕ್ಷರ ದೊಡ್ಡದು, ಕೊನೆಗೆ ಅಟ್ ಗುರುತು, ಒಂದು ಎರಡು ಮೂರು. ಅದು ಕಳ್ಳರಿಗೂ ಗೊತ್ತು. ಈಗ ಹೇಳುವುದು ಉದ್ದವಾಗಿರಲಿ ಎಂದು, ಮತ್ತು ನಾವೇ ಆರಿಸದಿರಲಿ ಎಂದು. ನಾವು ಆರಿಸಿದರೆ ಮನಸ್ಸಿಗೆ ಹತ್ತಿರವಾದದ್ದನ್ನೇ ಆರಿಸುತ್ತೇವೆ, ಅದನ್ನು ನಮ್ಮನ್ನು ಬಲ್ಲವರು ಊಹಿಸಬಲ್ಲರು.

ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ 2016ರಲ್ಲಿ 7,776 ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಕೊಟ್ಟಿದೆ. ದಾಳವನ್ನು ಐದು ಸಲ ಎಸೆದರೆ ಒಂದು ಪದ. ಆರನ್ನು ಐದು ಸಲ ಗುಣಿಸಿ ನೋಡಿ, 7,776 ಬರುತ್ತದೆ. ತಮ್ಮನ ಲೂಡೊ ಡಬ್ಬಿಯ ದಾಳ ತೆಗೆದು, ಅಡುಗೆಮನೆಯಲ್ಲಿ ಕೂತು ಇಪ್ಪತ್ತೈದು ಸಲ ಎಸೆದೆ. ಐದು ಪದ ಬಂದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಎರಡರ ಅರ್ಥವನ್ನು ಇಂಗ್ಲಿಷ್ ಮೇಡಂ ಹತ್ತಿರ ಕೇಳಬೇಕು ಅನಿಸಿತು, ಕೇಳಿದರೆ ಗುಟ್ಟು ಹೋಗುತ್ತದಲ್ಲ ಎಂದು ಸುಮ್ಮನಾದೆ. ಇಂಥ ಐದು ಪದಗಳ ಸಾಲುಗಳು ಒಟ್ಟು ಎಷ್ಟು ಇರಬಹುದು ಎಂದರೆ ಉತ್ತರ ಇಪ್ಪತ್ತು ಅಂಕಿಗಳ ಸಂಖ್ಯೆ. ಒಂದು ವಾರ ರೊಟ್ಟಿ ಲಟ್ಟಿಸುವಾಗ ಮನಸ್ಸಿನಲ್ಲೇ ಹೇಳಿಕೊಂಡೆ. ಈಗ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರುತ್ತದೆ. ಹೇಳುವುದಿಲ್ಲ.

ಭಾಯಿಜಾನ್ ಹತ್ತಿರ ಹೋಗಿ, ಇಮೇಲ್ ನನಗೆ ಬಿಟ್ಟುಕೊಡಿ ಎಂದು ಕೇಳಿದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ನಕ್ಕು, “ಇಷ್ಟೇನಾ?” ಎಂದು ತಮ್ಮ ಕೈಯಾರೆ ತಮ್ಮ ನಂಬರ್ ತೆಗೆದು ಅಬ್ಬಾ ಅವರ ಈಗಿನ ನಂಬರ್ ಹಾಕಿದರು. ಕಷ್ಟವಾದದ್ದು ಅಮ್ಮಿಯ ಹತ್ತಿರ. ಅಮ್ಮಿ ಹೊಸ ಆ್ಯಪ್ ನೋಡಿದರು, ತೆರೆಯಲು ಹೋದರು, ತೆರೆಯಲಿಲ್ಲ.

“ಹಮಾರೇ ಸೇ ಕ್ಯಾ ಛುಪಾತೀ ಗೇ?” ಎಂದರು. ನಮ್ಮಿಂದ ಏನೇ ಮುಚ್ಚಿಡುತ್ತಿದ್ದೀ ಎಂದು.

ಈ ಪ್ರಶ್ನೆಗೆ ಯಾವ ಲೇಖನದಲ್ಲೂ ಉತ್ತರ ಇರಲಿಲ್ಲ. ನಮ್ಮ ಕಾಲೇಜಿನ ಎಷ್ಟೋ ಹುಡುಗಿಯರು ಇದೊಂದು ಮಾತಿಗೆ ಹೆದರಿಯೇ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟು, ಅದನ್ನು ಮನೆಯವರೆಲ್ಲರಿಗೂ ಹೇಳಿಟ್ಟಿರುತ್ತಾರೆ. ಹುಡುಗರಿಗೆ ಈ ಪ್ರಶ್ನೆ ಕಡಿಮೆ ಬರುತ್ತದೆ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ನನ್ನ ತಮ್ಮ ಯಾವ ಗೇಮಿಗೆ ಯಾವ ಹೆಸರಿನಲ್ಲಿ ಸೇರಿದ್ದಾನೆ ಎಂದು ಯಾರೂ ಕೇಳಿರಲಿಲ್ಲ.

ನಾನು ಅಮ್ಮಿಗೆ ಹೇಳಿದೆ, “ನಿಮ್ಮಿಂದ ಮುಚ್ಚಿಡಲು ಏನೂ ಇಲ್ಲ ಅಮ್ಮಿ. ಸಿಎ ವಿಷಯ ಅಬ್ಬಾಗೆ ನಾನೇ ಹೇಳಬೇಕಿತ್ತು. ನನ್ನ ಮೇಲ್ ನನ್ನ ಹತ್ತಿರ ಇದ್ದಿದ್ದರೆ ನಾನೇ ಹೇಳುತ್ತಿದ್ದೆ.” ಅಮ್ಮಿ ಏನೂ ಅನ್ನಲಿಲ್ಲ. ಫೋನನ್ನು ಚಾರ್ಜಿಗೆ ಹಾಕಿ ಒಳಗೆ ಹೋದರು. ಅಂದು ಊಟದ ಹೊತ್ತಿನಲ್ಲಿ ಅಬ್ಬಾಗೆ ಅವರೇ ಏನೋ ಹೇಳಿರಬೇಕು. ಮರುದಿನ ಅಬ್ಬಾ ನನ್ನನ್ನು ಕೇಳಿದ್ದು ಸಿಎ ಪರೀಕ್ಷೆಯಲ್ಲಿ ಎಷ್ಟು ಪೇಪರ್ ಎಂದು.

ಅಬ್ಬಾರ ವಿಷಯ ಬಂದಾಗ ಓಟಿಪಿ ಪ್ರಸಂಗ ಹೇಳಲೇಬೇಕು. ಒಂದು ದಿನ ಮಧ್ಯಾಹ್ನ ಲಾಗಿನ್ ಮಾಡಲು ಓಟಿಪಿ ಅವರ ಫೋನಿಗೆ ಹೋಯಿತು. ಕರೆ ಮಾಡಿ ಕೇಳಿದೆ. ಓಟಿಪಿ ಯಾರಿಗೂ ಹೇಳಬಾರದು ಎಂದು ಬ್ಯಾಂಕಿನವರು ಹೇಳಿದ್ದಾರೆ ಎಂದು ಅವರು ಹೇಳಲಿಲ್ಲ. ನಾನು ನಿಮ್ಮ ಮಗಳು ಎಂದೆ. ಹಾಗೆ ಹೇಳಿಯೇ ಮೋಸ ಮಾಡುತ್ತಾರೆ ಎಂದರು. ಅವರ ಮಾತು ಸರಿಯಾಗಿಯೇ ಇತ್ತು, ನಾನು ರಾತ್ರಿಯವರೆಗೆ ಕಾದೆ. ಈಗ ಸಾಧ್ಯವಿರುವ ಕಡೆ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡಿದ್ದೇನೆ. ಯುಪಿಐ ಪಿನ್ ಮಾತ್ರ ಮ್ಯಾನೇಜರ್‌ನಲ್ಲೂ ಇಟ್ಟಿಲ್ಲ, ಅದು ಅಬ್ಬಾರ ತಲೆಯಲ್ಲೇ ಇದೆ.

ಇನ್ನು ಕಾಲೇಜಿನವರಿಗೆ ಎರಡು ಮಾತು. ಮೇಡಂ ಮತ್ತು ಸರ್‌ಗಳು ದಯವಿಟ್ಟು ಬೇಸರಿಸಬಾರದು. ಕಂಪ್ಯೂಟರ್ ಲ್ಯಾಬಿನ ಬ್ರೌಸರ್ ‘ಪಾಸ್‌ವರ್ಡ್ ಉಳಿಸಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ಎಷ್ಟೋ ಜನ ಹೌದು ಎಂದು ಒತ್ತಿದ್ದಾರೆ. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಕಳೆದ ವರ್ಷದ ಸೀನಿಯರ್‌ಗಳ ಮೇಲ್ ಪಾಸ್‌ವರ್ಡ್‌ಗಳು ಇನ್ನೂ ಕೂತಿವೆ, ನಾನೇ ನೋಡಿದ್ದೇನೆ. ನೋಡಬಾರದಿತ್ತು. ಅದನ್ನು ಅಳಿಸಿ, ಆ ಸೌಲಭ್ಯವನ್ನೇ ಬಂದ್ ಮಾಡಿಸಿದರೆ ಉಪಕಾರ. ಹಾಗೆ ಮಾಡುವವರೆಗೆ ಗೆಳೆಯ ಗೆಳತಿಯರು ಲ್ಯಾಬಿನಲ್ಲಿ ತಮ್ಮ ಪಾಸ್‌ವರ್ಡ್ ಮ್ಯಾನೇಜರ್ ತೆರೆಯಬೇಡಿ.

ಎರಡನೆಯದು, ಸ್ಕಾಲರ್‌ಶಿಪ್ ಅರ್ಜಿಯ ಕಾಲದಲ್ಲಿ ಒಂದು ವಾರ ಕಾಲೇಜಿನಲ್ಲೇ ಎರಡು ಕಂಪ್ಯೂಟರ್ ಬಿಟ್ಟುಕೊಡಿ. ಅರ್ಜಿ ತುಂಬಲು ದ್ವಿತೀಯ ಪಿಯುಸಿಯ ನಾವು ನಾಲ್ಕೈದು ಜನ ಸಹಾಯ ಮಾಡುತ್ತೇವೆ, ನಾನು ಹೆಸರು ಕೊಟ್ಟಿದ್ದೇನೆ. ಒಂದೇ ಷರತ್ತು, ಪಾಸ್‌ವರ್ಡ್ ಟೈಪ್ ಮಾಡುವುದು ಅರ್ಜಿದಾರರೇ. ಆ ಹೊತ್ತಿಗೆ ನಾವು ಆ ಕಡೆ ಮುಖ ಮಾಡಿ ನಿಲ್ಲುತ್ತೇವೆ.

ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ಏನೂ ಮಾಡಲಾರರು ಎಂಬುದು ಈ ಎಲ್ಲದರ ದೊಡ್ಡ ಅಪಾಯ. ದಾದಿಯ ಕಾಲದಲ್ಲಿ ಕೀಲಿ ಕಳೆದವರು ಬೀಗ ಒಡೆಸುತ್ತಿದ್ದರು, ಇದನ್ನು ಒಡೆಸಲು ಆಗುವುದಿಲ್ಲ. ಅದಕ್ಕೇ ಐದು ಪದಗಳನ್ನು ಇಂಗ್ಲಿಷಿನಲ್ಲಿ, ದೊಡ್ಡದಾಗಿ ಒಂದು ಕಾಗದದ ಮೇಲೆ ಬರೆದು ಲಕೋಟೆಯೊಳಗೆ ಹಾಕಿ ಅಮ್ಮಿಯ ಕೈಗೆ ಕೊಟ್ಟೆ. ನನಗೆ ಏನಾದರೂ ಆದರೆ ತೆರೆಯಿರಿ ಎಂದೆ. ಅಂಥ ಮಾತು ಆಡಬೇಡ ಎಂದು ಅಮ್ಮಿ ಬೈದರು. ಆಮೇಲೆ ಲಕೋಟೆಯನ್ನು ತಿರುಗಿಸಿ ನೋಡಿ, ಗೋಂದು ಸರಿಯಾಗಿ ಹಿಡಿದಿಲ್ಲ ಎಂದು ಅಡುಗೆಮನೆಗೆ ಹೋಗಿ ಮೈದಾ ಅಂಟು ಮಾಡಿಕೊಂಡು ಬಂದು ಗಟ್ಟಿಯಾಗಿ ಅಂಟಿಸಿದರು. ಅದೀಗ ದಾದಿಯ ಸಂದೂಕಿನಲ್ಲಿ, ಅಮ್ಮಿಯ ಮದುವೆಯ ಸೀರೆಯ ಕೆಳಗೆ ಇದೆ.

ಕಳೆದ ಶುಕ್ರವಾರ ಅಮ್ಮಿ ತಮಗೂ ಒಂದು ಬೇಕು ಎಂದರು. ಗ್ಯಾಸಿನದು, ಕರೆಂಟಿನದು, ಮತ್ತೆ ಇನ್ನೇನೋ ಒಂದೆರಡು ಇದೆಯಂತೆ. ಲೂಡೊ ದಾಳ ಅವರೇ ಎಸೆದರು, ಪಟ್ಟಿಯಲ್ಲಿ ಪದ ಹುಡುಕುವುದನ್ನು ತೋರಿಸಿಕೊಟ್ಟೆ. ಟೈಪ್ ಮಾಡುವ ಹೊತ್ತಿಗೆ ನನ್ನ ಕಡೆ ನೋಡಿ, “ತೂ ಜರಾ ಉಧರ್ ಮೂ ಕರ್” ಎಂದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.